ಲ್ವಾರ್ ಕಣಿವೆಯ ಅರಮನೆಗಳು: ಬಸ್ಸಿನಲ್ಲಿ ಒಂದು ದಿನ, ತೂರ್ ಊರಿನಲ್ಲಿ ನಾಲ್ಕು ದಿನ

ಹಾಸನದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದಷ್ಟು ಕಾಲವೂ ನಾನು ವರ್ಷಕ್ಕೊಮ್ಮೆ ಮಕ್ಕಳನ್ನು ಸಕಲೇಶಪುರದ ಮಂಜರಾಬಾದ್ ಕೋಟೆಗೆ ಕರೆದುಕೊಂಡು ಹೋಗುತ್ತಿದ್ದೆ. 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ, ಎಂಟು ಮೂಲೆಗಳ ನಕ್ಷತ್ರದ ಆಕಾರದ ಆ ಕೋಟೆಗೆ ಫ್ರೆಂಚ್ ಎಂಜಿನಿಯರುಗಳ ನೆರವಿತ್ತೆಂದು ಹೇಳಿದೊಡನೆ, ಗುಂಪಿನಲ್ಲಿ ಒಬ್ಬರಾದರೂ “ಮಿಸ್, ಹಾಗಾದ್ರೆ ಅವರ ಊರಲ್ಲಿ ಕೋಟೆಗಳು ಹೇಗಿರುತ್ತವೆ?” ಎಂದು ಕೇಳದೆ ಬಿಡುತ್ತಿರಲಿಲ್ಲ. ಪುಸ್ತಕದಲ್ಲಿ ಓದಿದ್ದನ್ನು ಹೇಳುತ್ತಿದ್ದೆನೇ ಹೊರತು ಕಣ್ಣಾರೆ ಕಂಡ ಉತ್ತರ ನನ್ನಲ್ಲಿರಲಿಲ್ಲ. ನಿವೃತ್ತಿಯಾದ ಮೇಲೆ, ಒಂದು ಸೆಪ್ಟೆಂಬರಿನಲ್ಲಿ, ಮಲೆನಾಡಿನ ಮಳೆಯ ಜೋರು ಇಳಿದು ಕಾಫಿ ಕೊಯ್ಲು ಇನ್ನೂ ಶುರುವಾಗದ ಬಿಡುವು ನೋಡಿಕೊಂಡು, ಮೂಡಿಗೆರೆ ಬಳಿ ತೋಟ ನೋಡಿಕೊಂಡಿರುವ ನನ್ನ ತಂಗಿಯನ್ನು ಜೊತೆಮಾಡಿಕೊಂಡು ಫ್ರಾನ್ಸಿನ ಲ್ವಾರ್ ನದಿಯ ಕಣಿವೆಗೆ ಹೋಗಿಬಂದೆ. ನಮ್ಮ ಕಡೆಯಿಂದ ಅಲ್ಲಿಗೆ ಹೋಗುವ ಆಲೋಚನೆಯಿರುವವರಿಗೆ ಯಾವುದನ್ನು ಹೇಗೆ ನೋಡಿದರೆ ಹಣಕ್ಕೂ ಶ್ರಮಕ್ಕೂ ಬೆಲೆ ಸಿಗುತ್ತದೆ ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಹೊರಡುವ ಮುನ್ನ ಒಂದು ಮಾತು ತಿಳಿದಿರುವುದು ಒಳ್ಳೆಯದು. ಫ್ರೆಂಚರು ‘ಶಾಟೊ’ ಎಂದು ಕರೆಯುವ ಕಟ್ಟಡವನ್ನು ನಾವು ಸುಮ್ಮನೆ ಕೋಟೆ ಎಂದು ಭಾವಿಸಿ ಹೋದರೆ ನಿರಾಸೆಯಾಗುತ್ತದೆ. ಅವರಿಗೆ ಕೋಟೆಯೂ ಶಾಟೊ, ಅರಮನೆಯೂ ಶಾಟೊ, ಹಳ್ಳಿಯ ದೊಡ್ಡಮನೆಯೂ ಶಾಟೊ. ಫಿರಂಗಿಯ ಬಳಕೆ ಹೆಚ್ಚಿದ ಮೇಲೆ ಎತ್ತರದ ಗೋಡೆ ಮತ್ತು ಗೋಪುರಗಳಿಂದ ರಕ್ಷಣೆ ಸಿಗದಂತಾಯಿತು. ಆಗ ಯುದ್ಧದ ಕೋಟೆಗಳು ನೆಲಕ್ಕೆ ತಗ್ಗಿ, ಗೋಡೆ ದಪ್ಪಮಾಡಿಕೊಂಡು, ಮೂಲೆ ಚಾಚಿಕೊಂಡು ನಕ್ಷತ್ರದ ಆಕಾರ ತಳೆದವು. ಹದಿನೇಳನೆಯ ಶತಮಾನದ ಸೇನಾ ಎಂಜಿನಿಯರ್ ವೋಬಾನ್ ಪಳಗಿಸಿದ ಆ ಪದ್ಧತಿಯೇ ಮುಂದೆ ಮಂಜರಾಬಾದಿನ ಗುಡ್ಡದವರೆಗೂ ಬಂದಿತು. ಇತ್ತ ರಾಜರೂ ಶ್ರೀಮಂತರೂ ವಾಸಿಸುತ್ತಿದ್ದ ಶಾಟೊಗಳಿಗೆ ಯುದ್ಧದ ಹೊಣೆ ತಪ್ಪಿದ್ದರಿಂದ ಅವು ದೊಡ್ಡ ಕಿಟಕಿಗಳನ್ನು ತೆರೆದುಕೊಂಡು, ತೋಟ ಬೆಳೆಸಿಕೊಂಡು ಅರಮನೆಗಳಾದವು. ಲ್ವಾರ್ ಕಣಿವೆಯಲ್ಲಿ ಕಾಣುವುದು ಹೆಚ್ಚಾಗಿ ಈ ಎರಡನೆಯ ಬಗೆ. ಸುಳ್ಳಿಯಿಂದ ಶಾಲೋನ್‌ವರೆಗಿನ ಈ ಕಣಿವೆಯನ್ನು ಯುನೆಸ್ಕೊ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಬೇಲೂರು ಹಳೇಬೀಡುಗಳಿಗೆ ಆ ಮನ್ನಣೆ ಬಂದಿದ್ದು 2023ರಲ್ಲಿ.

ನಾವು ಮೊದಲು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಊರಿನಲ್ಲಿದ್ದಾಗಲೇ ಒಬ್ಬ ಏಜೆಂಟರ ಮೂಲಕ ಪ್ಯಾರಿಸ್ಸಿನಿಂದ ಹೊರಡುವ ಒಂದು ದಿನದ ಬಸ್ ಪ್ರವಾಸಕ್ಕೆ ಹಣ ಕಟ್ಟಿದ್ದೆವು. ಗೈಡ್ ಸಹಿತ ಮೂರು ಅರಮನೆ ಎಂಬುದು ಅವರ ಮಾತು. ಹೋಗಿಬರುವುದಕ್ಕೇ ಐದು ಗಂಟೆ ಹಿಡಿಯಿತು. ಮೂರರಲ್ಲಿ ಒಂದನ್ನು ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ತೋರಿಸಿ ಲೆಕ್ಕಕ್ಕೆ ಸೇರಿಸಿದರು. ಶೆನಾನ್ಸೊ ಅರಮನೆಗೆ ಕೊಟ್ಟಿದ್ದು ಐವತ್ತೈದು ನಿಮಿಷ. ಅದರಲ್ಲಿ ಶೌಚಾಲಯದ ಸರತಿ ಮತ್ತು ಬಾಗಿಲಿನ ಸರತಿ ಕಳೆದು ಒಳಗೆ ಇರಲು ಸಿಕ್ಕಿದ್ದು ಅರ್ಧ ಗಂಟೆಯೂ ಇಲ್ಲ. ಗೈಡ್ ಎನಿಸಿಕೊಂಡವರು ಬಸ್ಸಿನ ಮೈಕಿನಲ್ಲಿ ಮಾತಾಡಿದರೇ ವಿನಾ ಒಳಗೆ ಕಾಲಿಡಲಿಲ್ಲ. ಇಷ್ಟು ದೂರ ಬಂದ ವಯಸ್ಸಾದವರನ್ನು ಹೀಗೆ ಓಡಿಸುವುದು ಸರಿಯಲ್ಲ ಎಂದು ಆ ಸಂಜೆ ನನಗೆ ನಿಜವಾಗಿ ನೋವಾಯಿತು. ಮರುದಿನ ಪ್ಯಾರಿಸ್ಸಿನ ಉಳಿದ ಕಾರ್ಯಕ್ರಮವನ್ನು ಕೈಬಿಟ್ಟು, ಮೊಂಪರ್ನಾಸ್ ನಿಲ್ದಾಣದಿಂದ ವೇಗದ ರೈಲು ಹಿಡಿದು ತೂರ್ ಎಂಬ ಊರಿಗೆ ಹೋಗಿ ನಾಲ್ಕು ದಿನ ಉಳಿದೆವು. ಒಂದು ಗಂಟೆಗೆ ಸ್ವಲ್ಪ ಮೇಲಾಗುವ ಪ್ರಯಾಣ ಅದು. ಮುಂದೆ ನಾನು ಹೇಳುವುದೆಲ್ಲ ಆ ನಾಲ್ಕು ದಿನದಲ್ಲಿ ಕಂಡದ್ದು.

ತೂರ್‌ನಿಂದ ಶೆನಾನ್ಸೊಗೆ ಸ್ಥಳೀಯ ರೈಲಿನಲ್ಲಿ ಅರ್ಧ ಗಂಟೆಯ ದಾರಿ, ನಿಲ್ದಾಣ ಅರಮನೆಯ ಹೆಬ್ಬಾಗಿಲಿನ ಪಕ್ಕದಲ್ಲೇ ಇದೆ. ಎರಡೂ ಬದಿಗೆ ಎತ್ತರದ ಮರಗಳು ಸಾಲುಗಟ್ಟಿದ ದಾರಿಯಲ್ಲಿ ನಡೆದು ಹೋದರೆ ಶೇರ್ ನದಿಯ ಮೇಲೆ ಸೇತುವೆಯಂತೆ ನಿಂತ ಅರಮನೆ ಎದುರಾಗುತ್ತದೆ. ತೋಮಾ ಬೋಯೆ ಎಂಬ ಅಧಿಕಾರಿ 1513ರಲ್ಲಿ ಇದನ್ನು ಕಟ್ಟಿಸಲು ತೊಡಗಿದ. ಆದರೆ ಅವನು ಇಟಲಿಯ ಯುದ್ಧಗಳ ಕೆಲಸದಲ್ಲಿ ದೂರವಿರುತ್ತಿದ್ದುದರಿಂದ ಕಟ್ಟಡದ ಉಸ್ತುವಾರಿಯನ್ನೆಲ್ಲ ಹೊತ್ತವಳು ಅವನ ಹೆಂಡತಿ ಕ್ಯಾಥರೀನ್ ಬ್ರಿಸೊನೆ. ಎರಡನೆಯ ಆನ್ರಿ ರಾಜ ಇದನ್ನು ತನ್ನ ಪ್ರೇಯಸಿ ದಿಯಾನ್ ದ ಪ್ವಾತಿಯೆಗೆ ಕೊಟ್ಟ, ಅವಳು ನದಿಗೆ ಸೇತುವೆ ಹಾಕಿಸಿದಳು. 1559ರಲ್ಲಿ ಕುದುರೆಯೇರಿ ಆಡುವ ಭರ್ಜಿಯಾಟದಲ್ಲಿ ಗಾಯಗೊಂಡು ರಾಜ ಸತ್ತ ಮೇಲೆ, ರಾಣಿ ಕ್ಯಾಥರೀನ್ ದ ಮೆಡಿಚಿ ದಿಯಾನಳಿಗೆ ಶೋಮೋಂ ಅರಮನೆಯನ್ನು ಕೊಟ್ಟು ಶೆನಾನ್ಸೊವನ್ನು ಬಿಡಿಸಿಕೊಂಡಳು. ಸವತಿ ಕಟ್ಟಿಸಿದ ಸೇತುವೆಯನ್ನು ಕೆಡವದೆ ಅದರ ಮೇಲೆಯೇ ತನ್ನ ಹಜಾರವನ್ನು ಏರಿಸಿದಳು. ಇಬ್ಬರ ತೋಟಗಳೂ ಅರಮನೆಯ ಎರಡು ಮಗ್ಗುಲಿಗೆ ಇಂದಿಗೂ ಇವೆ. ಬಸ್ಸಿನ ದಿನ ಇವೆರಡರಲ್ಲಿ ಒಂದನ್ನೂ ನೋಡಲು ನಮಗೆ ಪುರಸೊತ್ತಾಗಿರಲಿಲ್ಲ.

ಆ ಹಜಾರ ಅರುವತ್ತು ಮೀಟರ್ ಉದ್ದ, ಆರು ಮೀಟರ್ ಅಗಲ, ಹದಿನೆಂಟು ಕಿಟಕಿ. ಕೆಳಗೆ ನದಿ ಹರಿಯುತ್ತಿರುವುದರಿಂದ ಕಿಟಕಿಯ ಬೆಳಕು ಚಾವಣಿಯ ತೊಲೆಗಳ ಮೇಲೆ ಅಲುಗಾಡುತ್ತಿರುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಇಲ್ಲಿ ಹಾಸಿಗೆಗಳನ್ನು ಸಾಲಾಗಿ ಹಾಕಿ ಆಸ್ಪತ್ರೆ ಮಾಡಲಾಗಿತ್ತು. ಎರಡು ಸಾವಿರಕ್ಕೂ ಹೆಚ್ಚು ಗಾಯಾಳು ಸೈನಿಕರಿಗೆ ಇಲ್ಲಿ ಆರೈಕೆ ನಡೆಯಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ವಶದಲ್ಲಿದ್ದ ಭಾಗಕ್ಕೂ ಉಳಿದ ಭಾಗಕ್ಕೂ ಈ ಶೇರ್ ನದಿಯೇ ಗಡಿ. ಅರಮನೆಯ ಮುಂಬಾಗಿಲು ಒಂದು ಕಡೆ, ಹಜಾರದ ದಕ್ಷಿಣದ ಬಾಗಿಲು ಇನ್ನೊಂದು ಕಡೆ. ಈ ಹಜಾರದಲ್ಲಿ ನಡೆದು ಎಷ್ಟೋ ಜನ ಪಾರಾದರು. ಆ ದಕ್ಷಿಣದ ಬಾಗಿಲಿನ ಮುಂದೆ ನಿಂತಾಗ, ಇದನ್ನು ನನ್ನ ತರಗತಿಯ ಮಕ್ಕಳಿಗೆ ತೋರಿಸಲಾಗಲಿಲ್ಲವಲ್ಲ ಎಂದು ಬಹಳ ಅನ್ನಿಸಿತು.

ನನ್ನ ತಂಗಿಯ ಮನಸ್ಸನ್ನು ಸೆಳೆದದ್ದು ಅಡುಗೆಮನೆ. ನದಿಯೊಳಗೆ ನಿಂತ ಕಂಬಗಳ ಪೊಳ್ಳಿನಲ್ಲೇ ಅದನ್ನು ಕಟ್ಟಿದ್ದಾರೆ. ದೋಣಿಯಲ್ಲಿ ಬಂದ ಸಾಮಾನನ್ನು ಅಲ್ಲಿಯೇ ಕೆಳಗೆ ಇಳಿಸಿಕೊಳ್ಳುವ ಏರ್ಪಾಡಿತ್ತು. ಗೋಡೆಯ ಉದ್ದಕ್ಕೂ ತಾಮ್ರದ ಪಾತ್ರೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ತೂಗುಹಾಕಿದ್ದರು, ಹುಣಸೆಹಣ್ಣು ಹಾಕಿ ತಿಕ್ಕಿದಂತೆ ಫಳಫಳ ಹೊಳೆಯುತ್ತಿದ್ದವು. ರೊಟ್ಟಿ ಬೇಯಿಸುವ ಒಲೆ, ಮಾಂಸ ಕಡಿಯುವ ಕೋಣೆ, ಆಳುಗಳು ಊಟ ಮಾಡುವ ಜಾಗ, ಎಲ್ಲವೂ ಬೇರೆ ಬೇರೆ. “ಅಕ್ಕ, ನಮ್ಮ ಅಜ್ಜಿ ಮನೆ ಅಡುಗೆಕೋಣೆಗೂ ಇದಕ್ಕೂ ಏನ್ ವ್ಯತ್ಯಾಸ ಹೇಳು, ಸೌದೆ ಒಟ್ಟೋ ಜಾಗ ಸಮೇತ ಒಂದೇ ಥರ ಇದೆ,” ಎಂದಳು. ರಾಜರ ಮಂಚಗಳಿಗಿಂತ ಹೆಚ್ಚು ಹೊತ್ತು ನಾವು ಅಲ್ಲಿದ್ದೆವು. ಪ್ರತಿ ಕೋಣೆಯಲ್ಲೂ ಅಲ್ಲಿಯ ತೋಟದಲ್ಲೇ ಬೆಳೆದ ತಾಜಾ ಹೂಗಳನ್ನು ಆ ಕೋಣೆಯ ಬಣ್ಣಕ್ಕೆ ಹೊಂದುವಂತೆ ಜೋಡಿಸಿಡುತ್ತಾರೆ, ಅದಕ್ಕೆಂದೇ ಹೂ ಕಟ್ಟುವ ಕೆಲಸಗಾರರಿದ್ದಾರೆ. ಮನೆಯವರು ಈಗಷ್ಟೇ ಎದ್ದು ಹೊರಗೆ ಹೋಗಿದ್ದಾರೇನೋ ಎನ್ನುವ ಭಾವ ಬರುವುದು ಇದರಿಂದಲೇ.

ಮೇಲಿನ ಅಂತಸ್ತಿನಲ್ಲಿ ಒಂದು ಕಪ್ಪು ಕೋಣೆಯಿದೆ. 1589ರಲ್ಲಿ ಮೂರನೆಯ ಆನ್ರಿಯ ಕೊಲೆಯಾದ ಮೇಲೆ ಅವನ ಹೆಂಡತಿ ಲೂಯಿಸ್ ಇಲ್ಲಿ ಉಳಿದುಕೊಂಡಳು. ಗೋಡೆಗೆಲ್ಲ ಕಪ್ಪು, ಅದರ ಮೇಲೆ ಬೆಳ್ಳಿಯ ಬಣ್ಣದ ಕಣ್ಣೀರ ಹನಿಗಳು. ಅವಳು ಮಾತ್ರ ಅಂದಿನ ರಾಣಿಯರ ಪದ್ಧತಿಯಂತೆ ಬಿಳಿಯ ಬಟ್ಟೆ ಉಡುತ್ತಿದ್ದಳು. ನಮ್ಮ ಹಿರಿಯ ತಲೆಮಾರಿನ ವಿಧವೆಯರನ್ನು ಬಿಳಿ ಸೀರೆಯಲ್ಲಿ ಕಂಡ ನಮ್ಮಿಬ್ಬರಿಗೂ ಆ ಕೋಣೆಯಲ್ಲಿ ಮಾತು ಹೊರಡಲಿಲ್ಲ.

ಕಲ್ಲಿನ ವಿಷಯವನ್ನು ನಾನು ಪ್ರತ್ಯೇಕವಾಗಿ ಹೇಳಲೇಬೇಕು. ಈ ಅರಮನೆಗಳ ಬಿಳುಪಿಗೆ ಕಾರಣ ತುಫೋ ಎಂಬ ಸುಣ್ಣದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಸುಲಭವಾಗಿ ಕೆತ್ತಲು ಬರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಇದನ್ನು ಕೇಳಿದಾಗ ಹಾಸನದವರಾದ ನಮಗೆ ಬಳಪದ ಕಲ್ಲಿನ ನೆನಪಾಗದಿರುತ್ತದೆಯೇ? ಬೇಲೂರಿನ ಮದನಿಕೆಯರ ಬಳೆ ಬೆರಳುಗಳಲ್ಲಿ ಆ ನಾಜೂಕು ಬಂದದ್ದೂ ಇದೇ ಗುಣದಿಂದ. ಆದರೆ ನಮ್ಮ ಕಲ್ಲು ನಯವಾಗಿ ಉಜ್ಜಿದರೆ ಕನ್ನಡಿಯಂತಾಗುತ್ತದೆ, ತುಫೋ ಹಾಗಲ್ಲ. ತಂಗಿಯ ಕಪ್ಪು ಸ್ವೆಟರಿನ ತೋಳು ಹೊರಗೋಡೆಗೆ ತಾಗಿ ಸೀಮೆಸುಣ್ಣ ಬಳಿದಂತೆ ಬೆಳ್ಳಗಾಯಿತು. ಮಳೆ ಚಳಿಗೆ ಈ ಕಲ್ಲು ಸವೆಯುವುದರಿಂದ ಹಾಳಾದ ತುಂಡನ್ನು ತೆಗೆದು ಅದೇ ಬಗೆಯ ಹೊಸ ಕಲ್ಲನ್ನು ಕೂರಿಸುವ ಕೆಲಸ ಈ ಕಣಿವೆಯಲ್ಲಿ ಎಂದೂ ನಿಲ್ಲುವುದಿಲ್ಲ. ಕಲ್ಲು ತೆಗೆದ ಗುಹೆಗಳೂ ವ್ಯರ್ಥವಾಗಿಲ್ಲ. ದ್ರಾಕ್ಷಾರಸದ ಪೀಪಾಯಿ ಇಡಲು, ಅಣಬೆ ಬೆಳೆಯಲು, ವಾಸಕ್ಕೂ ಬಳಸಿದ್ದಾರೆ. ಶೆನಾನ್ಸೊದ ಪ್ರಾರ್ಥನಾ ಮಂದಿರದ ಗೋಡೆಯ ಮೇಲೆ ಸ್ಕಾಟ್ಲೆಂಡಿನ ಕಾವಲುಗಾರರು 1543 ಮತ್ತು 1546ರಲ್ಲಿ ಗೀಚಿದ ಬರಹಗಳಿವೆ, ಅವುಗಳನ್ನೂ ಹಾಗೆಯೇ ಉಳಿಸಿಕೊಂಡಿದ್ದಾರೆ. ಹಳೆಯ ಗೀಚು ಉಳಿದಿರುವ ಆ ಗೋಡೆಯ ಮೇಲೆ ಈಗಿನ ಸಂದರ್ಶಕರ ಹೆಸರು ಒಂದೂ ನನ್ನ ಕಣ್ಣಿಗೆ ಬೀಳಲಿಲ್ಲ. ಮಂಜರಾಬಾದಿನ ಗೋಡೆಗಳ ಮೇಲೆ ಪ್ರತಿವರ್ಷ ಹೊಸ ಹೊಸ ಹೆಸರುಗಳನ್ನು ಓದುತ್ತ ಬಂದವಳಿಗೆ ಇದು ಸಣ್ಣ ಸಂಗತಿಯಲ್ಲ.

ಶಾಂಬೋರ್ ಎಲ್ಲಕ್ಕಿಂತ ದೊಡ್ಡದು. 1519ರಲ್ಲಿ ಮೊದಲನೆಯ ಫ್ರಾನ್ಸ್ವಾ ರಾಜ ಬೇಟೆಯ ನೆಪದಲ್ಲಿ ಕಟ್ಟಲು ತೊಡಗಿದ ಈ ಅರಮನೆಗೆ ನಾನೂರಕ್ಕೂ ಹೆಚ್ಚು ಕೋಣೆ, 282 ಬೆಂಕಿಗೂಡು. ಸುತ್ತಲಿನ ಕಾಡಿನ ವಿಸ್ತೀರ್ಣ 5,440 ಹೆಕ್ಟೇರ್, ಅದಕ್ಕೆ ಹಾಕಿದ ಗೋಡೆಯ ಉದ್ದ 32 ಕಿಲೋಮೀಟರ್. ಹೆಚ್ಚು ಕಡಿಮೆ ಹಾಸನದಿಂದ ಹಳೇಬೀಡಿಗೆ ಹೋದಷ್ಟು. ಇಷ್ಟನ್ನು ಕಟ್ಟಿಸಿದ ರಾಜ ತನ್ನ 32 ವರ್ಷದ ಆಳ್ವಿಕೆಯಲ್ಲಿ ಇಲ್ಲಿ ತಂಗಿದ್ದು ಎಲ್ಲ ಸೇರಿ ಎರಡೂವರೆ ತಿಂಗಳೂ ಆಗುವುದಿಲ್ಲ. ದರ್ಬಾರು ಬಂದಾಗ ಮಂಚ, ಪರದೆ, ಪಾತ್ರೆಗಳೂ ಗಾಡಿಗಳಲ್ಲಿ ಬರುತ್ತಿದ್ದವು, ಹೋಗುವಾಗ ಹಿಂದಿರುಗುತ್ತಿದ್ದವು. ಪೀಠೋಪಕರಣಕ್ಕೆ ಫ್ರೆಂಚಿನಲ್ಲಿರುವ ‘ಮೊಬ್ಲ್’ ಎಂಬ ಪದದ ಅರ್ಥವೇ ಚಲಿಸುವಂಥದ್ದು ಎಂದು. ಮುಂದಿನ ಕಾಲದಲ್ಲಿ ಸೇರಿದ ಸಾಮಾನುಗಳನ್ನು ಕ್ರಾಂತಿಯ ಸರ್ಕಾರ 1792ರಲ್ಲಿ ಮಾರಾಟಕ್ಕಿಟ್ಟಿತು. ಟಿಪ್ಪು ನಮ್ಮ ಗುಡ್ಡದ ಮೇಲೆ ಕೋಟೆ ಎಬ್ಬಿಸಿದ ವರ್ಷವೇ ಅಲ್ಲಿ ಅರಮನೆ ಬರಿದಾಯಿತೆಂಬುದು ನನಗೆ ಅಲ್ಲಿ ನಿಂತಾಗಲೇ ಹೊಳೆದದ್ದು. ಹೀಗಾಗಿ ಎಷ್ಟೋ ಕೋಣೆಗಳು ಖಾಲಿ. ಬರಿಗಣ್ಣಿನಲ್ಲಿ ನೋಡುತ್ತ ಹೋದರೆ ಹತ್ತನೆಯ ಕೋಣೆಗೆ ಬೇಸರ ಬರುತ್ತದೆ. ಆದ್ದರಿಂದ ಬಾಗಿಲಲ್ಲಿ ಬಾಡಿಗೆಗೆ ಸಿಗುವ ‘ಹಿಸ್ಟೋಪ್ಯಾಡ್’ ಎಂಬ ಟ್ಯಾಬ್ಲೆಟ್ ತೆಗೆದುಕೊಳ್ಳಲೇಬೇಕು. ಕೋಣೆಯಲ್ಲಿ ನಿಂತು ಅದನ್ನು ಎತ್ತಿ ಹಿಡಿದರೆ ಫ್ರಾನ್ಸ್ವಾನ ಕಾಲದಲ್ಲಿ ಅದೇ ಕೋಣೆ ಹೇಗಿತ್ತೆಂಬುದು ಪರದೆಯ ಮೇಲೆ ಮೂಡುತ್ತದೆ. ತಿರುಗಿದ ಕಡೆಗೆ ಚಿತ್ರವೂ ತಿರುಗುತ್ತದೆ. ಇಂಥದೊಂದು ಹಳೇಬೀಡಿನ ಅರಮನೆಯಿದ್ದ ಬಯಲಿನಲ್ಲಿ ನಮ್ಮ ಮಕ್ಕಳ ಕೈಗೆ ಸಿಗುವಂತಾಗಬೇಕೆಂಬುದು ನನ್ನ ಮನಃಪೂರ್ವಕ ಆಸೆ.

ಶಾಂಬೋರಿಗೆ ಹೋಗಲೇಬೇಕಾದ ಕಾರಣ ಅದರ ನಡುವಿನ ಮೆಟ್ಟಿಲು. ಒಂದೇ ಕಂಬದ ಸುತ್ತ ಎರಡು ಮೆಟ್ಟಿಲ ಸಾಲುಗಳು ಹೆಣೆದುಕೊಂಡ ಹಗ್ಗದ ಎಳೆಗಳಂತೆ ಮೇಲೇರುತ್ತವೆ. ತಂಗಿ ಒಂದರಲ್ಲಿ, ನಾನು ಇನ್ನೊಂದರಲ್ಲಿ ಹತ್ತಿದೆವು. ನಡುವಿನ ಪೊಳ್ಳು ಕಂಬಕ್ಕೆ ಕಿಂಡಿಗಳಿವೆ. ಒಂದು ಕಿಂಡಿಯಲ್ಲಿ ಅವಳ ಮುಖ ಕಾಣಿಸಿತು, “ಅಕ್ಕ, ಇಲ್ಲಿದೀನಿ” ಎಂದು ಕೈ ಬೀಸಿದಳು, ಇನ್ನೆರಡು ಹೆಜ್ಜೆ ಇಡುವಷ್ಟರಲ್ಲಿ ಮಾಯವಾದಳು. ಮೇಲಿನ ಅಂತಸ್ತು ಮುಟ್ಟುವವರೆಗೂ ನಾವು ಒಬ್ಬರಿಗೊಬ್ಬರು ಎದುರಾಗಲಿಲ್ಲ. ಇದರ ಹಿಂದೆ ಲಿಯೊನಾರ್ಡೊ ಡ ವಿಂಚಿಯ ಆಲೋಚನೆಯಿದೆಯೆಂದು ಅನೇಕರು ನಂಬುತ್ತಾರೆ. ಅವನು ಹತ್ತಿರದ ಆಂಬ್ವಾಸ್‌ನಲ್ಲಿ ರಾಜನ ಆಶ್ರಯದಲ್ಲಿದ್ದು, 1519ರ ಮೇ 2ರಂದು, ಕಟ್ಟಡ ಮೇಲೇಳುವ ಮೊದಲೇ ತೀರಿಕೊಂಡ. ಅವನ ಕೈಬರಹದ ದಾಖಲೆಯೇನೂ ಇದಕ್ಕೆ ಸಿಕ್ಕಿಲ್ಲ. ಮೆಟ್ಟಿಲು ಕೊನೆಯಾಗುವುದು ಚಾವಣಿಯ ಮೇಲೆ, ಚಿಮಣಿ ಗೋಪುರಗಳ ನಡುವೆ. ಅಲ್ಲಿಂದ ಕಾಣುವ ಕಾಡು ನಮ್ಮ ಘಟ್ಟದ ಕಾಡಿನಂತೆ ಏರಿಳಿಯುವುದಿಲ್ಲ, ಹಾಸಿದಂತೆ ಸಪಾಟಾಗಿದೆ. ತೂರ್‌ನಿಂದ ಶಾಂಬೋರಿಗೆ ನೇರ ರೈಲಿಲ್ಲ. ಬ್ಲ್ವಾ ಊರಿನವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಪ್ರವಾಸಿ ಋತುವಿನಲ್ಲಿ ಓಡುವ ಬಸ್ಸು ಹಿಡಿಯಬೇಕು. ಬಸ್ಸುಗಳು ಕಡಿಮೆ, ಹಿಂದಿರುಗುವ ವೇಳೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ.

ತೋಟಗಾರಿಕೆ ಬಲ್ಲವರು ವಿಲಾಂದ್ರಿಯನ್ನು ಬಿಡಬಾರದು. ಅರಮನೆಯೊಳಗೆ ನೋಡುವುದು ಅಷ್ಟಕ್ಕಷ್ಟೆ, ಇಡೀ ಬೆಲೆ ಇರುವುದು ಅಂಗಳದಲ್ಲಿ. ಸ್ಪೇನ್ ಮೂಲದ ವೈದ್ಯ ಜೊವಾಕಿಂ ಕರ್ವಾಯೊ 1906ರಲ್ಲಿ ಇದನ್ನು ಕೊಂಡು, ಇದ್ದ ತೋಟವನ್ನು ತೆಗೆದು ಹದಿನಾರನೆಯ ಶತಮಾನದ ಮಾದರಿಯ ತೋಟವನ್ನು ಮತ್ತೆ ಹಾಕಿಸಿದ. ತರಕಾರಿ ತೋಟವೆಂದರೆ ಒಂಬತ್ತು ಸಮ ಚೌಕಗಳು, ಒಂದೊಂದರ ಒಳಗೂ ಬೇರೆ ಬೇರೆ ರಂಗೋಲಿ. ಆ ರಂಗೋಲಿಗೆ ಬಣ್ಣ ತುಂಬುವುದು ಕೋಸು, ಕುಂಬಳ, ಸೊಪ್ಪುಗಳು. ವರ್ಷಕ್ಕೆ ಎರಡು ಸಲ ನಾಟಿ, ಪ್ರತಿಸಲವೂ ಮಣ್ಣು ಸೋಲದಂತೆ ಬೆಳೆಯ ಸರದಿ ಬದಲಾಯಿಸುತ್ತಾರೆ. ತಂಗಿ ಒಂದು ಮಡಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ನೇರಳೆ ಕೋಸಿನ ಗಿಡದಿಂದ ಗಿಡಕ್ಕೆ ಗೇಣು ಹಾಕಿ ಅಳೆದಳು, ಎಲೆಯ ಅಡಿ ತಿರುಗಿಸಿ ಹುಳುವಿನ ಗುರುತು ನೋಡಿದಳು. ಕಳೆ ಕೀಳುತ್ತಿದ್ದ ಹೆಂಗಸೊಬ್ಬರು ಹತ್ತಿರ ಬಂದರು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಬಾರದು; ಆದರೂ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಪುಡಿಮಾಡಿ ತೋರಿಸುತ್ತ ಹತ್ತು ನಿಮಿಷ ಸಂಭಾಷಣೆ ನಡೆಸಿದರು. ನಾವು ಹೋದದ್ದು ತೂರ್‌ನಿಂದ ಹೊರಡುವ ಎಂಟು ಜನರ ಸಣ್ಣ ವ್ಯಾನಿನಲ್ಲಿ. ಚಾಲಕರೇ ವಿವರಣೆ ಕೊಡುತ್ತಿದ್ದರು, ಅವಸರ ಮಾಡಲಿಲ್ಲ, ಮಂಡಿನೋವಿನ ನನಗಾಗಿ ಪ್ರತಿಸಲ ಬಾಗಿಲಿನ ಹತ್ತಿರವೇ ನಿಲ್ಲಿಸಿದರು. ಪ್ಯಾರಿಸ್ಸಿನ ಆ ದೊಡ್ಡ ಬಸ್ಸಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಅದೇ ವ್ಯಾನು ಆಂದ್ರ್ ನದಿಯ ದ್ವೀಪದಲ್ಲಿರುವ ಅಝೆ ಅರಮನೆಗೂ ಕರೆದೊಯ್ಯಿತು. ಅದು ಚಿಕ್ಕದು, ಒಂದೂವರೆ ಗಂಟೆ ಸಾಕು, ನೀರಿನಲ್ಲಿ ಅದರ ನೆರಳು ನೋಡುವುದೇ ಮುಖ್ಯ. ಆಂಬ್ವಾಸ್‌ನಲ್ಲಿ ಲಿಯೊನಾರ್ಡೊನ ಸಮಾಧಿಯಿರುವ ಪುಟ್ಟ ಪ್ರಾರ್ಥನಾ ಮಂದಿರವೂ ಅವನು ಕೊನೆಯುಸಿರೆಳೆದ ಕ್ಲೊ ಲೂಸೆ ಮನೆಯೂ ಇವೆ. ಅರ್ಧ ದಿನ ಇಟ್ಟುಕೊಳ್ಳಿ.

ಸಸ್ಯಾಹಾರಿಗಳಿಗೆ ಊಟದ ಕಷ್ಟ ಇದೆಯೆಂದು ಒಪ್ಪಿಕೊಳ್ಳಬೇಕು. ಬಿಸಿ ಬ್ರೆಡ್ಡು, ಹಣ್ಣು, ಈ ಸೀಮೆಯಲ್ಲೇ ಆಗುವ ಸೇಂತ್ ಮೋರ್ ಎಂಬ ಆಡಿನ ಹಾಲಿನ ಚೀಸ್ ನಮಗೆ ಆಧಾರವಾದವು. ಉದ್ದನೆಯ ಆ ಚೀಸಿನ ನಡುವೆ ಒಂದು ಹುಲ್ಲುಕಡ್ಡಿ ಇರುತ್ತದೆ, ಮುರಿಯದಿರಲೆಂದು ಇಟ್ಟದ್ದು, ಅದನ್ನು ತೆಗೆದು ತಿನ್ನಬೇಕು. ಅದಕ್ಕೆ ನಾವು ಒಯ್ದಿದ್ದ ಚಟ್ನಿಪುಡಿ ಬಹಳ ಚೆನ್ನಾಗಿ ಹೊಂದಿತು. ರಾತ್ರಿಗೆ ಕೋಣೆಯ ಕೆಟಲಿನ ಬಿಸಿನೀರಿನಲ್ಲಿ ನೆನೆಸಿದ ತೆಳು ಅವಲಕ್ಕಿ.

ಮೆಟ್ಟಿಲುಗಳು ಎಲ್ಲ ಕಡೆಯೂ ಇವೆ, ಹಲವು ಕಡೆ ಸವೆದು ನಡುವೆ ತಗ್ಗಾಗಿವೆ. ಹಿಡಿತವಿರುವ ಶೂ ಹಾಕಿಕೊಳ್ಳಿ. ಟಿಕೆಟ್ಟನ್ನು ಹಿಂದಿನ ದಿನವೇ ಆನ್‌ಲೈನಿನಲ್ಲಿ ತೆಗೆದರೆ ಒಂದು ಸರತಿ ತಪ್ಪುತ್ತದೆ. ಜುಲೈ ಆಗಸ್ಟಿನಲ್ಲಿ ನೂಕುನುಗ್ಗಲು ಜಾಸ್ತಿ. ಸೆಪ್ಟೆಂಬರಿನ ಮೂರನೆಯ ವಾರಾಂತ್ಯದಲ್ಲಿ ಫ್ರಾನ್ಸಿನಾದ್ಯಂತ ಪರಂಪರೆಯ ದಿನಗಳು ನಡೆಯುತ್ತವೆ. 1984ರಿಂದ ನಡೆದುಬಂದಿರುವ ಈ ಏರ್ಪಾಡಿನಲ್ಲಿ, ಬೇರೆ ದಿನ ಬಾಗಿಲು ತೆರೆಯದ ಎಷ್ಟೋ ಖಾಸಗಿ ಶಾಟೊಗಳಿಗೂ ಪ್ರವೇಶ ಸಿಗುತ್ತದೆ. ದಿನ ನಿಶ್ಚಯಿಸುವ ಸ್ವಾತಂತ್ರ್ಯವಿದ್ದವರು ಅದಕ್ಕೆ ಹೊಂದಿಸಿಕೊಳ್ಳಬಹುದು.

ನೋಡುವ ಕ್ರಮದ ಬಗ್ಗೆ ನನ್ನ ಸಲಹೆ ಇಷ್ಟು: ಮೊದಲ ದಿನ ಶಾಂಬೋರ್, ಎರಡನೆಯ ದಿನ ವ್ಯಾನಿನಲ್ಲಿ ವಿಲಾಂದ್ರಿ ಮತ್ತು ಅಝೆ, ಮೂರನೆಯ ದಿನ ಆಂಬ್ವಾಸ್, ಕೊನೆಯ ಇಡೀ ದಿನ ಶೆನಾನ್ಸೊ. ಅಲ್ಲಿಗೆ ಬೆಳಗಿನ ಮೊದಲ ರೈಲಿನಲ್ಲೇ ಹೋಗಿ. ಪ್ಯಾರಿಸ್ಸಿನ ಬಸ್ಸುಗಳು ಬಂದು ಸೇರುವ ಮೊದಲು ಅಡುಗೆಮನೆಯನ್ನೂ ಹಜಾರವನ್ನೂ ನೋಡಿ ಮುಗಿಸಿ. ಆಮೇಲೆ ದಕ್ಷಿಣದ ಬಾಗಿಲು ತೆರೆದಿದ್ದರೆ ಆಚೆ ದಡಕ್ಕೆ ದಾಟಿ ಮರಗಳ ಕೆಳಗೆ ಸ್ವಲ್ಪ ಹೊತ್ತು ಕೂತುಕೊಳ್ಳಿ. ಅರಮನೆಯ ಅಷ್ಟೂ ಕಮಾನುಗಳು ಒಟ್ಟಿಗೆ ಕಾಣುವುದು ಆ ಕಡೆಯಿಂದ. ಬಾಗಿಲು ಮುಚ್ಚುವ ವೇಳೆಯನ್ನು ಮಾತ್ರ ಹೋಗುವಾಗಲೇ ಅಲ್ಲಿಯ ಸಿಬ್ಬಂದಿಯನ್ನು ಕೇಳಿ ತಿಳಿದುಕೊಂಡಿರಿ.